ಜರ್ಮನ್ ಜನರಲ್‌ಗಳ ಪುಸ್ತಕ ಇಂಗ್ಲಿಷಿನಲ್ಲಿ ಓದುವಾಗ ಎಷ್ಟು ನಂಬೋದು?

ಅವೆನ್ಯೂ ರೋಡ್ ಅಲೆಮಾರಿ

ಹೋದ ಭಾನುವಾರ ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕದ ರಾಶಿ ಕೆದಕುತ್ತಿದ್ದೆ. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ಜನರಲ್ ಗುಡೇರಿಯನ್ ಬರೆದ 'ಪ್ಯಾಂಜರ್ ಲೀಡರ್' ಸಿಕ್ಕಿತು. ಹಾಳೆಯೆಲ್ಲ ಕಾಫಿ ಬಣ್ಣ. 150 ಅಂದರು, 120ಕ್ಕೆ ಬಿಟ್ಟರು. ಮನೆಗೆ ಬಂದು ಕೂತವನು ಇನ್ನೂರು ಪುಟ ಮುಗಿಸಿಯೇ ಎದ್ದೆ. 1940ರ ಮೇ 13ಕ್ಕೆ ಫ್ರಾನ್ಸಿನ ಸೆಡಾನ್ ಹತ್ತಿರ ಮ್ಯೂಸ್ ನದಿ ದಾಟುವ ಭಾಗವಂತೂ ಉಸಿರು ಬಿಗಿಹಿಡಿದು ಓದಿದೆ.

ಆದರೆ ಓದುತ್ತಾ ಓದುತ್ತಾ ಒಂದು ಅನುಮಾನ ಶುರುವಾಯಿತು. ಈ ಮನುಷ್ಯ ತಪ್ಪೇ ಮಾಡಲಿಲ್ವಾ? ಗೆದ್ದಾಗಲೆಲ್ಲ ಇವನು, ಸೋತಾಗಲೆಲ್ಲ ಹಿಟ್ಲರ್ ಅಥವಾ ಮೇಲಿನ ಇನ್ಯಾರೋ. ಜೊತೆಗೆ ಇಂಗ್ಲಿಷ್ ಕೂಡ ಒಂಥರಾ ಗಡುಸು. ಕೆಲವು ವಾಕ್ಯ ಮೂರು ಸಲ ಓದಬೇಕಾಯಿತು. ಮುಂದೆ ಮಾನ್‌ಸ್ಟೈನ್ ಬರೆದ 'ಲಾಸ್ಟ್ ವಿಕ್ಟರೀಸ್' ತಗೊಳ್ಳೋಣ ಅಂತಿದ್ದೇನೆ. ಅದಕ್ಕೆ ಮುಂಚೆ ಬಲ್ಲವರನ್ನು ಕೇಳೋಣ ಅನಿಸಿತು. ಈ ಅನುಮಾನಕ್ಕೆ ಕಾರಣ ಅನುವಾದವೋ, ಬರೆದವನೋ? ನಾವು ಇಂಗ್ಲಿಷಿನಲ್ಲಿ ಓದುತ್ತಿರುವುದು ಪೂರ್ತಿ ಪುಸ್ತಕವೇನಾ?

ಪುಟ ತಿರುವಿದವ

ಎರಡೂ. ಅದರ ಜೊತೆಗೆ ಮೂರನೆಯದೂ ಒಂದಿದೆ. ಅದು ನಿಮ್ಮ ಕೈಯಲ್ಲಿರುವ ಪುಸ್ತಕದಲ್ಲೇ ಇದೆ.

ಗುಡೇರಿಯನ್ನನ ಜರ್ಮನ್ ಪುಸ್ತಕ ಬಂದದ್ದು 1951ರಲ್ಲಿ. ಹೆಸರು 'ಒಬ್ಬ ಸೈನಿಕನ ನೆನಪುಗಳು' ಅನ್ನುವ ಅರ್ಥದ್ದು. 'ಪ್ಯಾಂಜರ್ ಲೀಡರ್' ಅನ್ನುವ ಜಂಬದ ಹೆಸರು ಇಂಗ್ಲಿಷಿನವರದು. 1952ರಲ್ಲಿ ಬಂದ ಇಂಗ್ಲಿಷ್ ಆವೃತ್ತಿಗೆ ಮುನ್ನುಡಿ ಬರೆದವರು ಬ್ರಿಟನ್ನಿನ ಯುದ್ಧ ಲೇಖಕ ಲಿಡೆಲ್ ಹಾರ್ಟ್. ಈಗ ಆ ಟ್ಯಾಂಕ್ ದಳ ಕಟ್ಟಿದ ಕಥೆ ಇರುವ ಅಧ್ಯಾಯ ತೆಗೆಯಿರಿ. ಟ್ಯಾಂಕುಗಳನ್ನು ದೂರದ ದಾಳಿಗೆ ಬಳಸಬೇಕು, ಅವುಗಳ ಜೊತೆ ಕಾಲಾಳುಗಳನ್ನೂ ಸೇರಿಸಬೇಕು ಅನ್ನುವ ವಿಚಾರ ಕೊಟ್ಟವರು ಲಿಡೆಲ್ ಹಾರ್ಟ್ ಅಂತ ಹೊಗಳುವ ಒಂದು ಪ್ಯಾರಾ ಸಿಗುತ್ತದೆ.

ಜರ್ಮನ್ ಪುಸ್ತಕದಲ್ಲಿ ಆ ಪ್ಯಾರಾ ಇಲ್ಲ. ಇದನ್ನು ಸೇರಿಸಿ ಅಂತ ಲಿಡೆಲ್ ಹಾರ್ಟ್ ತಾವೇ ಗುಡೇರಿಯನ್ನನಿಗೆ ಕಾಗದ ಬರೆದು ಕೇಳಿಕೊಂಡಿದ್ದರು. ಆತ ಸೇರಿಸಿಕೊಟ್ಟ. ಲಿಡೆಲ್ ಹಾರ್ಟ್ 1970ರಲ್ಲಿ ತೀರಿಕೊಂಡರು, ಸಂಗತಿ ಆಮೇಲೆ ಅವರ ಕಾಗದಪತ್ರಗಳಿಂದ ಹೊರಬಿತ್ತು. ಅಷ್ಟರಲ್ಲಿ ಎರಡು ದಶಕ ಇಂಗ್ಲಿಷ್ ಓದುಗರು 'ನೋಡಿ, ಜರ್ಮನ್ನರೇ ಒಪ್ಪಿದ್ದಾರೆ' ಅಂತ ಅದನ್ನು ಎತ್ತಿ ಎತ್ತಿ ತೋರಿಸಿದ್ದರು.

ಇಲ್ಲಿ ಅನುವಾದಕನ ತಪ್ಪು ಒಂದಕ್ಷರವೂ ಇಲ್ಲ. ಕೊಟ್ಟದ್ದನ್ನು ಅವನು ಸರಿಯಾಗಿಯೇ ಇಂಗ್ಲಿಷಿಗೆ ತಂದ.

ಅವೆನ್ಯೂ ರೋಡ್ ಅಲೆಮಾರಿ

ಸಿಕ್ಕಿತು! ಹಿಂದಿನ ಓದುಗ ಯಾರೋ ಆ ಪ್ಯಾರಾಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ 'ವೆರಿ ಇಂಪಾರ್ಟೆಂಟ್' ಅಂತ ಬೇರೆ ಬರೆದಿದ್ದಾರೆ. ಪಾಪ.

ಟೈಗರ್ ಟ್ಯಾಂಕ್

ಒಂದು ಪ್ಯಾರಾ ಇಟ್ಟುಕೊಂಡು ಇಡೀ ಪುಸ್ತಕವನ್ನೇ ಕಸದ ಬುಟ್ಟಿಗೆ ಹಾಕಬೇಡ್ರಪ್ಪ. ನಾನು ಈ ಅನುವಾದಗಳನ್ನೇ ಓದಿ ಬೆಳೆದವನು. ಟ್ಯಾಂಕಿನ ಒಳಗೆ ಕೂತವನೇ ಬರೆದ ಮಾತಿಗೆ ಬೇರೇನೂ ಸಮ ಇಲ್ಲ. ಓಟ್ಟೋ ಕಾರಿಯುಸ್ ಬರೆದ 'ಟೈಗರ್ಸ್ ಇನ್ ದ ಮಡ್' ಓದಿ ನೋಡಿ. ಕೆಸರು, ಚಳಿ, ಕೆಟ್ಟುನಿಂತ ಗೇರ್ ಬಾಕ್ಸ್, ಹಗಲೆಲ್ಲ ಒಳಗೇ ಕೂತಿರುವ ಸಂಕಟ. ಯುದ್ಧ ಮುಗಿದ ಮೇಲೆ ಆ ಮನುಷ್ಯ ಔಷಧಿ ಅಂಗಡಿ ಇಟ್ಟ, ಅದಕ್ಕೂ ಟೈಗರ್ ಅಂತಲೇ ಹೆಸರಿಟ್ಟ.

ದೊಡ್ಡ ಕಥೆ ಬೇಕಾದರೆ ಪಾಲ್ ಕರೆಲ್. 'ಹಿಟ್ಲರ್ ಮೂವ್ಸ್ ಈಸ್ಟ್' ಕಾದಂಬರಿ ಥರ ಓಡುತ್ತದೆ. ಇಂಗ್ಲಿಷ್ ಕೂಡ ಬೆಣ್ಣೆಯ ಹಾಗಿದೆ. ಹಾಗೇ ಇನ್ನೊಂದು ಜರ್ಮನ್ ಪುಸ್ತಕ, ಗೀ ಸಾಜೆರ್ ಬರೆದ 'ದ ಫರ್ಗಾಟನ್ ಸೋಲ್ಜರ್'. ಇವನ್ನೆಲ್ಲ ಬಿಟ್ಟು ಒಣ ಒಣ ಪ್ರೊಫೆಸರುಗಳನ್ನು ಓದಿ ಅಂದರೆ ಯಾರು ಓದ್ತಾರೆ?

ಪುಟ ತಿರುವಿದವ

ಸಾಜೆರ್ ಪುಸ್ತಕ ಜರ್ಮನಿನದಲ್ಲ ಗುರು, ಫ್ರೆಂಚಿನಿಂದ ಬಂದದ್ದು. ಅದರಲ್ಲಿ ತೋಳುಪಟ್ಟಿ ಯಾವ ತೋಳಿನಲ್ಲಿತ್ತು ಅನ್ನುವುದರಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಅವನ ದಳದವರು ಆ ಪಟ್ಟಿ ಕಟ್ಟುತ್ತಿದ್ದದ್ದು ಬಲ ತೋಳಿಗೆ, ಅವನು ಎಡ ಅಂತ ಬರೆದ. ಅಷ್ಟು ಸಾಕಾಯಿತು, 'ಇವನು ಅಲ್ಲಿ ಇದ್ದನಾ ಇಲ್ಲವಾ' ಅಂತ ಎರಡು ಪಂಗಡವೇ ಆಗಿಹೋಯಿತು.

ಇನ್ನು ಕರೆಲ್. ಪಾಲ್ ಕರೆಲ್ ಅನ್ನುವುದು ಅವನ ನಿಜವಾದ ಹೆಸರಲ್ಲ. ಪಾಲ್ ಕಾರ್ಲ್ ಶ್ಮಿಟ್. ಹಿಟ್ಲರನ ವಿದೇಶಾಂಗ ಮಂತ್ರಿ ರಿಬ್ಬೆನ್‌ಟ್ರಾಪ್‌ನ ಕಚೇರಿಯಲ್ಲಿ ಪತ್ರಿಕಾ ವಿಭಾಗದ ಮುಖ್ಯಸ್ಥ, ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ನಲ್ಲಿ ದೊಡ್ಡ ಹುದ್ದೆ ಇದ್ದವನು. 1944ರ ಮೇ ತಿಂಗಳಲ್ಲಿ ಬುಡಾಪೆಸ್ಟಿನ ಯಹೂದಿಗಳನ್ನು ಕೊಲೆ ಶಿಬಿರಗಳಿಗೆ ಸಾಗಿಸುವ ಮುಂಚೆ, ಜಗತ್ತು ಪ್ರಶ್ನೆ ಕೇಳದ ಹಾಗೆ, ಅವರ ಪ್ರಾರ್ಥನಾ ಮಂದಿರಗಳಲ್ಲಿ ಸ್ಫೋಟಕ 'ಸಿಕ್ಕಿತು' ಅಂತ ತೋರಿಸಬಹುದು ಎಂದು ಟಿಪ್ಪಣಿ ಬರೆದ ಪುಣ್ಯಾತ್ಮ. ಪ್ರಚಾರವೇ ಕಸುಬು. ಯುದ್ಧ ಮುಗಿದ ಮೇಲೆ ಅದೇ ಕಸುಬನ್ನು ಹೆಸರು ಬದಲಿಸಿ ಮುಂದುವರಿಸಿದ. ಅವನ ಪುಸ್ತಕದಲ್ಲಿ ಜರ್ಮನ್ ಸೈನಿಕ ಹಿಮದಲ್ಲಿ ನಡುಗುತ್ತಾನೆ, ಗೆಳೆಯನಿಗಾಗಿ ಸಾಯುತ್ತಾನೆ. ಊರುಗಳ ಹಿಂದೆ ಹೊಂಡ ತೋಡಿ ಜನರನ್ನು ಗುಂಡಿಕ್ಕಿದ ಸುದ್ದಿ ಮಾತ್ರ ಬರುವುದೇ ಇಲ್ಲ.

ಬೆಣ್ಣೆಯಂಥ ಇಂಗ್ಲಿಷ್ ಅಂದಿರಲ್ಲ, ಅದು ಎವಾಲ್ಡ್ ಓಸರ್ಸ್ ಅವರದು. ಪ್ರಾಗ್‌ನಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದವರು, 1938ರಲ್ಲಿ ಇಂಗ್ಲೆಂಡಿಗೆ ಬಂದವರು, ಚೆಕ್ ಕವಿಗಳನ್ನು ಇಂಗ್ಲಿಷಿಗೆ ತಂದ ಒಳ್ಳೆಯ ಕವಿ. ಅಂಥವರ ಕೈಯಿಂದ ಅಂಥವನ ಪುಸ್ತಕ ದಾಟಿತು. ನನಗೆ ಇದು ಯಾವತ್ತೂ ಜೀರ್ಣವಾಗಿಲ್ಲ. ಅನುವಾದ ಒಳ್ಳೆಯದಿದ್ದಷ್ಟೂ ಸುಳ್ಳು ಸಲೀಸಾಗಿ ಗಂಟಲಲ್ಲಿ ಇಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಸ್ಟುಟ್‌ಗಾರ್ಟ್ ಕನ್ನಡತಿ

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಕೆಲಸ ಕಾರಿನ ಬಿಡಿಭಾಗದ್ದು, ಹುಚ್ಚು ಹಳೇ ಪುಸ್ತಕದ್ದು. ಇಲ್ಲಿನ ಫ್ಲೀ ಮಾರ್ಕೆಟ್‌ನಲ್ಲಿ ಈ ಜನರಲ್‌ಗಳ ಪುಸ್ತಕ ಎರಡು ಮೂರು ಯೂರೋಗೆ ಬಿದ್ದಿರುತ್ತವೆ. ತಾತಂದಿರು ತೀರಿಕೊಂಡ ಮನೆಗಳಿಂದ ಬಂದವು. ಹಾಗಾಗಿ ಕೆಲವನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಓದಿದ್ದೇನೆ.

ಗಡುಸು ಇಂಗ್ಲಿಷ್ ಬಗ್ಗೆ ಹೇಳುತ್ತೇನೆ. ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಕನ್ನಡದ ಹಾಗೆ. 'ನದಿಯ ಆಚೆ ದಡದಲ್ಲಿ ರಾತ್ರಿಯಿಡೀ ಕಾದು ಕೂತಿದ್ದ, ಮದ್ದುಗುಂಡು ಮುಗಿದಿದ್ದ ದಳ' ಅಂತ ನಾವು ಸಲೀಸಾಗಿ ಹೇಳುತ್ತೇವೆ. ಜರ್ಮನ್ ಕೂಡ ಹೆಚ್ಚು ಕಡಿಮೆ ಹೀಗೇ ಪೋಣಿಸುತ್ತದೆ. ಇಂಗ್ಲಿಷಿಗೆ ಇದು ಬಗ್ಗುವುದಿಲ್ಲ. ಮುರಿದು ಎರಡು ಮೂರು ವಾಕ್ಯ ಮಾಡಬೇಕು. ಮುರಿಯದೆ ಹಾಗೇ ಎಳೆದು ತಂದರೆ ನೀವು ಅನುಭವಿಸಿದ ಗಡುಸು.

ಅದು ಸಣ್ಣ ತೊಂದರೆ. ದೊಡ್ಡದು ಬೇರೆ. ಜರ್ಮನಿನಲ್ಲಿ ಬೇರೆಯವರ ಮಾತು ವರದಿ ಮಾಡುವಾಗ ಕ್ರಿಯಾಪದದ ರೂಪವೇ ಬದಲಾಗುತ್ತದೆ. 'ಹಾಟ್' ಅಂದರೆ ಬರೆಯುವವನೇ ಹೇಳುತ್ತಿದ್ದಾನೆ. 'ಹಾಬೆ' ಅಂದರೆ ಇನ್ಯಾರೋ ಹಾಗಂದರು, ನನ್ನ ತಲೆಗೆ ಕಟ್ಟಬೇಡಿ ಅಂತ. ನಮ್ಮಲ್ಲಿ 'ಕೊಟ್ಟನು' ಮತ್ತು 'ಕೊಟ್ಟನಂತೆ' ಇಲ್ವಾ, ಅದೇ. ಜರ್ಮನ್ ಇತಿಹಾಸಕಾರರು ಜನರಲ್‌ಗಳ ಸಮಜಾಯಿಷಿಯನ್ನು ಇಡೀ ಪುಟ ಈ 'ಅಂತೆ' ರೂಪದಲ್ಲಿ ಬರೆಯುತ್ತಾರೆ. ಓದುಗನಿಗೆ ಪ್ರತಿ ವಾಕ್ಯದಲ್ಲೂ ಎಚ್ಚರಿಕೆಯ ಗಂಟೆ. ಇಂಗ್ಲಿಷಿನಲ್ಲಿ ಅಂಥ ಸಲೀಸು ರೂಪ ಇಲ್ಲ. ಅನುವಾದಕರು ಮೊದಲ ಸಾಲಿನಲ್ಲಿ 'ಅವರ ಪ್ರಕಾರ' ಅಂತ ಹಾಕುತ್ತಾರೆ, ಆಮೇಲೆ ಪ್ರತಿ ಸಾಲಿಗೂ ಹಾಕಲು ಬೇಜಾರು, ಬಿಟ್ಟುಬಿಡುತ್ತಾರೆ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಜನರಲ್ ಸಾಹೇಬರ ನೆಪ ಇತಿಹಾಸದ ಸತ್ಯವಾಗಿರುತ್ತದೆ.

ಕನ್ನಡಕ್ಕೆ ನೇರ ತಂದರೆ ಈ ತೊಂದರೆ ಇರುವುದೇ ಇಲ್ಲ, ನೋಡಿ.

ಧಾರವಾಡ ಪೇಡೆ

ಅಕ್ಕ, 'ಅಂತೆ' ಮಾತು ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ನಾನು ಅನುವಾದ ಮಾಡುವವಳು, ಇಂಗ್ಲಿಷಿನಿಂದ ಕನ್ನಡಕ್ಕೆ. ಜರ್ಮನಿಯಿಂದ ಬಂದ ಕಿಟ್ಟೆಲ್ 1894ರಲ್ಲೇ ನಮಗೆ ನಿಘಂಟು ಕೊಟ್ಟುಹೋದರು. ನಾವಿನ್ನೂ ಜರ್ಮನ್ ಪುಸ್ತಕವನ್ನು ಲಂಡನ್ ಸುತ್ತಿಸಿ ತರುತ್ತಿದ್ದೇವೆ ರೀ.

ಪದಗಳ ಬಗ್ಗೆ ನನ್ನದೊಂದಿಷ್ಟು. ಈ ಪುಸ್ತಕಗಳಲ್ಲಿ ಶತ್ರು ಸುತ್ತುವರಿದ ಸೈನ್ಯಕ್ಕೆ ಜರ್ಮನ್ನರು ಬಳಸುವ ಪದ 'ಕೆಸೆಲ್'. ಇಂಗ್ಲಿಷಿನವರು ಅದನ್ನು 'ಪಾಕೆಟ್' ಮಾಡಿದರು. ಜೇಬು. ಕೆಸೆಲ್ ಅಂದರೆ ನಿಜವಾಗಿ ನಮ್ಮ ಹಂಡೆ! ಕೆಳಗೆ ಬೆಂಕಿ, ಒಳಗೆ ಕುದಿಯುತ್ತಿರುವವರು. ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಬಿದ್ದವನಿಗೆ ತಾನು ಜೇಬಿನಲ್ಲಿದ್ದೇನೆ ಅನಿಸಿರಲಿಕ್ಕಿಲ್ಲ.

ಒಂದು ಪುಸ್ತಕದಲ್ಲಿ, ಹೆಸರು ಬೇಡ, ಕಾಲಾಳು ದಳವೊಂದು ದಿನವಿಡೀ 'ರನ್‌ವೇ' ಮೇಲೆ ನಡೆಯುತ್ತದೆ. ನನಗೆ ತಲೆ ಕೆಟ್ಟಿತು. ಅಷ್ಟು ಉದ್ದದ ವಿಮಾನ ನಿಲ್ದಾಣ ಎಲ್ಲಿದೆ? ಆಮೇಲೆ ಗೊತ್ತಾಯಿತು, ಮೂಲದಲ್ಲಿದ್ದದ್ದು 'ರೋಲ್‌ಬಾನ್'. ವಿಮಾನದವರಿಗೆ ಅದು ವಿಮಾನ ಓಡುವ ದಾರಿ, ಯುದ್ಧಭೂಮಿಯಲ್ಲಿ ಸೇನಾ ವಾಹನಗಳಿಗೆ ಗೊತ್ತುಮಾಡಿದ ಮುಖ್ಯ ರಸ್ತೆ. ಅನುವಾದಕ ನಿಘಂಟು ನೋಡಿದ್ದ, ನಕಾಶೆ ನೋಡಿರಲಿಲ್ಲ.

ಇಂಥ ತಪ್ಪು ಹಿಡಿಯುವುದು ಸುಲಭ. ಹಿಡಿಯಲಾಗದ್ದು ಕ್ಲಾಸೆವಿಟ್ಸ್‌ನಂಥ ಕಡೆ. ಹತ್ತೊಂಬತ್ತನೇ ಶತಮಾನದಲ್ಲಿ 'ಆನ್ ವಾರ್' ಬರೆದ ಪ್ರಷ್ಯದ ಸೇನಾಧಿಕಾರಿ ಅವನು. ಯುದ್ಧ ಅಂದರೆ 'ಪೊಲಿಟಿಕ್' ಅನ್ನು ಬೇರೆ ಸಾಧನ ಬೆರೆಸಿ ಮುಂದುವರಿಸುವುದು ಅಂತ ಅವನ ಪ್ರಸಿದ್ಧ ಮಾತು. ಜರ್ಮನ್ ಪದದಲ್ಲಿ ರಾಜಕೀಯವೂ ಇದೆ, ಸರ್ಕಾರದ ನೀತಿಯೂ ಇದೆ. ಇಂಗ್ಲಿಷ್ ಅನುವಾದಕ ಎರಡರಲ್ಲಿ ಒಂದನ್ನು ಆರಿಸಲೇಬೇಕು. 1976ರ ಹಾವರ್ಡ್ ಮತ್ತು ಪ್ಯಾರೆಟ್ ಅನುವಾದ ಹೆಚ್ಚಿನ ಕಡೆ ನೀತಿ ಅಂತಲೇ ಆರಿಸಿತು. ಯುದ್ಧ ಏನೋ ಅಚ್ಚುಕಟ್ಟಾದ, ಲೆಕ್ಕಹಾಕಿ ಮಾಡುವ ಕೆಲಸದ ಹಾಗೆ ಕಾಣತೊಡಗಿತು. ರಾಜಕೀಯದ ಕೆಸರು, ಜಗಳ, ಹಠ ಎಲ್ಲ ತೊಳೆದುಹೋಯಿತು. ನಮ್ಮಲ್ಲಿ 'ರಾಜನೀತಿ' ಅಂದರೆ ಎರಡೂ ಒಳಗೇ ಇವೆ, ಅಲ್ವಾ?

ಪುಟ ತಿರುವಿದವ

ಕ್ಲಾಸೆವಿಟ್ಸ್ ವಿಷಯಕ್ಕೆ ಬಂದಿರಿ, ಹಾಗಾದರೆ ಇದನ್ನೂ ಕೇಳಿ. ಅವನು ಸತ್ತ ಮೇಲೆ ಹೆಂಡತಿ ಮರೀ 1832ರಿಂದ ಪುಸ್ತಕ ಹೊರತಂದಳು. ಅದರಲ್ಲಿ ಒಂದು ಮಾತಿದೆ. ಸೇನಾಪತಿಯನ್ನು ಮಂತ್ರಿಮಂಡಲಕ್ಕೆ ಸೇರಿಸಿಕೊಳ್ಳಿ, ಆಗ ಮಂತ್ರಿಗಳು ಅವನ ಮುಖ್ಯ ತೀರ್ಮಾನಗಳಲ್ಲಿ ಪಾಲುಗೊಳ್ಳಬಹುದು ಅಂತ. 1853ರ ಎರಡನೇ ಆವೃತ್ತಿಯಲ್ಲಿ ಅದು ತಲೆಕೆಳಗಾಯಿತು. ಸೇನಾಪತಿಯೇ ಮಂತ್ರಿಗಳ ತೀರ್ಮಾನಗಳಲ್ಲಿ ಪಾಲುಗೊಳ್ಳಬೇಕು ಅಂತ. ತಿದ್ದಿದವನು ಮರೀಯ ತಮ್ಮ. ಸಣ್ಣ ತಿದ್ದುಪಡಿ, ಅರ್ಥ ಮಾತ್ರ ಅದಲು ಬದಲು. 1873ರಲ್ಲಿ ಬಂದ ಗ್ರಹಾಂ ಅವರ ಇಂಗ್ಲಿಷ್ ಅನುವಾದ ಈ ತಿದ್ದಿದ ಪಾಠವನ್ನೇ ಹಿಡಿದು ಮಾಡಿದ್ದು. 1952ರಲ್ಲಿ ವೆರ್ನರ್ ಹಾಲ್ವೆಗ್ ಹಳೆಯ ಪಾಠವನ್ನು ವಾಪಸ್ ತಂದರು. ಗ್ರಹಾಂ ಅನುವಾದಕ್ಕೆ ಹಕ್ಕಿನ ತಂಟೆ ಇಲ್ಲ, ಹಾಗಾಗಿ ಈಗಲೂ ಅಗ್ಗದ ಪ್ರತಿಗಳಲ್ಲಿ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವುದು ಅದೇ. ತಗೊಳ್ಳುವಾಗ ಅನುವಾದಕರ ಹೆಸರು ನೋಡಿ.

ಬೆಳಗಾವಿ ಫೌಜಿ

ನಮಸ್ಕಾರ. ಎಲ್ಲರ ಮಾತನ್ನೂ ಓದಿದೆ. ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 26 ವರ್ಷ ಇದ್ದವನು, ಸುಬೇದಾರ್ ಆಗಿ ನಿವೃತ್ತಿ. ಓದಿನ ಚಟ ಹತ್ತಿದ್ದು ಯೂನಿಟ್ ಲೈಬ್ರರಿಯಲ್ಲಿ.

ಮೊದಲು ಒಂದು ಸಣ್ಣ ಎಚ್ಚರಿಕೆ. ಈ ಪುಸ್ತಕಗಳಲ್ಲಿ 'ಮೇಜರ್ ಜನರಲ್' ಅಂತ ಕಂಡರೆ ನಮ್ಮ ಮೇಜರ್ ಜನರಲ್ ಅಂದುಕೊಳ್ಳಬೇಡಿ. ಜರ್ಮನ್ 'ಗೆನೆರಾಲ್‌ಮಾಯೋರ್' ನಮ್ಮ ಬ್ರಿಗೇಡಿಯರ್‌ಗೆ ಸಮ. ಅವರ 'ಗೆನೆರಾಲ್‌ಲಾಯ್ಟ್‌ನಾಂಟ್' ನಮ್ಮ ಮೇಜರ್ ಜನರಲ್. ಒಂದು ಮೆಟ್ಟಿಲು ಜಾರುತ್ತದೆ. ಅಕ್ಷರಶಃ ಅನುವಾದ ಮಾಡಿದವರು ಎಲ್ಲರಿಗೂ ಪುಕ್ಕಟೆ ಬಡ್ತಿ ಕೊಟ್ಟಿದ್ದಾರೆ. ಇನ್ನೊಂದು, 'ಅಬ್ಟೈಲುಂಗ್'. ಕೆಲವರು ಅದನ್ನು 'ಡಿಟ್ಯಾಚ್‌ಮೆಂಟ್' ಅಂತ ಮಾಡುತ್ತಾರೆ. ಓದಿದವನಿಗೆ ಹತ್ತು ಹನ್ನೆರಡು ಜನರ ತುಕಡಿ ಕಣ್ಣಮುಂದೆ ಬರುತ್ತದೆ. ಟೈಗರ್ ಟ್ಯಾಂಕಿನ ಅಬ್ಟೈಲುಂಗ್‌ನಲ್ಲಿ ಕಾಗದದ ಮೇಲೆ 45 ಟ್ಯಾಂಕ್! ಅದು ಬೆಟಾಲಿಯನ್. 'ಹೇರೆಸ್‌ಗ್ರುಪ್ಪೆ', 'ಆರ್ಮೇಗ್ರುಪ್ಪೆ' ಎರಡನ್ನೂ 'ಆರ್ಮಿ ಗ್ರೂಪ್' ಅಂತ ಬರೆದು ಕೈತೊಳೆದುಕೊಂಡವರೂ ಇದ್ದಾರೆ. 1942ರ ಡಿಸೆಂಬರಿನಲ್ಲಿ ಸ್ಟಾಲಿನ್‌ಗ್ರಾಡ್ ಹಂಡೆಯಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲು ಹೊರಟ ಜನರಲ್ ಹೋಥ್ ಕೆಳಗಿದ್ದದ್ದು ಎರಡನೆಯದು, ಅವನ ಮೇಲಿದ್ದ ಮಾನ್‌ಸ್ಟೈನ್ ಕೆಳಗಿದ್ದದ್ದು ಮೊದಲನೆಯದು. ಯಾರು ಯಾರ ಮೇಲೆ ಅಂತಲೇ ಗೊತ್ತಾಗದಿದ್ದರೆ ಕಾಳಗ ಹೇಗೆ ಅರ್ಥವಾಗಬೇಕು?

ಇಷ್ಟೆಲ್ಲ ಇದ್ದರೂ ನಾನು ಈ ಪುಸ್ತಕಗಳ ಪರವೇ. ಕಾರಣ ಹೇಳುತ್ತೇನೆ. ಉತ್ತರ ಆಫ್ರಿಕಾದ ಟೋಬ್ರುಕ್, 1942ರ ಜೂನ್ 20. ಜರ್ಮನ್ ಜನರಲ್ ರೊಮ್ಮೆಲ್ ದಾಳಿ ಮಾಡಿದ ಜಾಗದಲ್ಲಿ ನಿಂತಿದ್ದದ್ದು 11ನೇ ಭಾರತೀಯ ಬ್ರಿಗೇಡ್. ಬೇಲಿ ಮುರಿದದ್ದು ನಮ್ಮ ಎರಡನೇ ಮರಾಠಾ ಬೆಟಾಲಿಯನ್ ಇದ್ದ ಕಡೆ. ಮರುದಿನ ಟೋಬ್ರುಕ್ ಬಿತ್ತು, ಸುಮಾರು 33 ಸಾವಿರ ಜನ ಸೆರೆ. ರೊಮ್ಮೆಲ್ ಫೀಲ್ಡ್ ಮಾರ್ಷಲ್ ಆದ. ನಮ್ಮ ಕಡೆಯ ಕಥೆಯಲ್ಲಿ ಹೊಗೆ, ಧೂಳು, ತುಂಡಾದ ಟೆಲಿಫೋನ್ ತಂತಿ. ಏನಾಯಿತು ಅಂತ ಒಳಗಿದ್ದವರಿಗೆ ಗೊತ್ತಾಗಲೇ ಇಲ್ಲ. 1953ರಲ್ಲಿ ಬಂದ 'ರೊಮ್ಮೆಲ್ ಪೇಪರ್ಸ್' ಓದಿದಾಗ ಆ ಬೆಳಿಗ್ಗೆಯ ಇನ್ನೊಂದು ಮಗ್ಗುಲು ನನಗೆ ಕಂಡಿತು. ಮೊದಲು ವಿಮಾನ, ಆಮೇಲೆ ಎಂಜಿನಿಯರ್‌ಗಳು, ಅವರ ಹಿಂದೆ ಟ್ಯಾಂಕ್. ನಮ್ಮವರಿಗೆ ಬಡಿದದ್ದು ಏನು ಅಂತ ತಿಳಿಯಲು ಬಡಿದವನ ಪುಸ್ತಕವೇ ಬೇಕಾಯಿತು. ಅದರಲ್ಲಿ ಸ್ವಂತ ಬಡಾಯಿ ಇದೆ, ಇರಲಿ. ಸೈನಿಕ ಬಡಾಯಿ ಕೊಚ್ಚುತ್ತಾನೆ, ನಾನೂ ಕೊಚ್ಚಿದ್ದೇನೆ.

ಮೈಸೂರಿನವ

ಫೌಜಿ ಸರ್ ಮಾತಿಗೆ ನನ್ನದೂ ಒಂದು. ಮೊದಲ ಮಹಾಯುದ್ಧದ ಹೈಫಾ ಯುದ್ಧ ಅಂದರೆ ನಮಗೆಲ್ಲ ಮೈಸೂರು ಲ್ಯಾನ್ಸರ್ಸ್, ಜೋಧಪುರ ಲ್ಯಾನ್ಸರ್ಸ್. 1918ರ ಸೆಪ್ಟೆಂಬರ್ 23. ನಮ್ಮವರು ಕಾರ್ಮೆಲ್ ಬೆಟ್ಟ ಹತ್ತಿ ತೋಪುಗಳ ಬಾಯಿ ಮುಚ್ಚಿಸಿದ್ದು. ಆಚೆ ಕಡೆಯ ತುರ್ಕಿಯ ಒಟ್ಟು ಸೈನ್ಯಕ್ಕೆ ದೊಡ್ಡ ದಂಡನಾಯಕ ಯಾರು? ಜರ್ಮನ್ ಜನರಲ್ ಲೀಮಾನ್ ಫಾನ್ ಜಾಂಡರ್ಸ್. ಹೈಫಾಕ್ಕೆ ಮೂರು ದಿನ ಮುಂಚೆ ನಜರೆತ್‌ನಲ್ಲಿ ಬ್ರಿಟಿಷ್ ಕುದುರೆ ಸವಾರರ ಕೈಗೆ ಸಿಗದೆ ಕೂದಲೆಳೆಯಲ್ಲಿ ತಪ್ಪಿಸಿಕೊಂಡವನು. ಮಾಲ್ಟಾದಲ್ಲಿ ಸೆರೆಯಲ್ಲಿದ್ದಾಗ ನೆನಪು ಬರೆದ. ಜರ್ಮನಿನಲ್ಲಿ 1920, ಇಂಗ್ಲಿಷಿನಲ್ಲಿ 'ಫೈವ್ ಇಯರ್ಸ್ ಇನ್ ಟರ್ಕಿ' ಅಂತ 1927. ನಮ್ಮ ಊರಿನ ಹೆಮ್ಮೆಯ ಕಥೆಗೆ ಆಚೆ ದಡ ಒಂದಿದೆ ಅಂತ ಹೊಳೆದದ್ದೇ ಆ ಪುಸ್ತಕ ಕೈಗೆ ಬಂದ ಮೇಲೆ. ಇಂಗ್ಲಿಷಿಗೆ ಬರದಿದ್ದರೆ ನನ್ನಂಥವನಿಗೆ ಅದು ಎಲ್ಲಿ ಸಿಗಬೇಕಿತ್ತು?

ಟೈಗರ್ ಟ್ಯಾಂಕ್

ಅದೇ ನಾನು ಹೇಳಿದ್ದು! ಫೌಜಿ ಸರ್‌ಗೆ ಸಲಾಂ.

ಕರೆಲ್ ವಿಷಯ ನನಗೆ ನಿಜವಾಗಿ ಗೊತ್ತಿರಲಿಲ್ಲ. ಹಿಂಬದಿಯ ಹೊದಿಕೆಯಲ್ಲಿ 'ಪತ್ರಕರ್ತ' ಅಂತಷ್ಟೇ ಇತ್ತು. ಸ್ವಲ್ಪ ಮುಜುಗರ ಆಯಿತು. ಆದರೂ ಒಂದು ಪ್ರಶ್ನೆ. ಮಾನ್‌ಸ್ಟೈನ್ ಹಾಗಲ್ಲ ತಾನೇ? ಅವನು ಬರೀ ಸೈನಿಕ, ರಾಜಕೀಯಕ್ಕೆ ಕೈ ಹಾಕದವನು ಅಂತ ಎಲ್ಲ ಕಡೆ ಓದಿದ್ದೇನೆ.

ಸ್ಟುಟ್‌ಗಾರ್ಟ್ ಕನ್ನಡತಿ

ಎಲ್ಲ ಕಡೆ ಓದಿದ್ದೀರಿ, ಯಾಕೆಂದರೆ ಎಲ್ಲ ಕಡೆಯವರೂ ಓದಿದ್ದು ಅವನ ಪುಸ್ತಕವನ್ನೇ.

1941ರ ನವೆಂಬರ್ 20ಕ್ಕೆ ಮಾನ್‌ಸ್ಟೈನ್ ತನ್ನ 11ನೇ ಸೇನೆಗೆ ಒಂದು ಆಜ್ಞೆ ಹೊರಡಿಸಿದ. ಯಹೂದಿ-ಬೊಲ್ಷೆವಿಕ್ ವ್ಯವಸ್ಥೆಯನ್ನು ಒಂದೇ ಸಲಕ್ಕೆ ನಿರ್ನಾಮ ಮಾಡಬೇಕು ಅನ್ನುವ ಆಜ್ಞೆ. ನ್ಯೂರೆಂಬರ್ಗ್‌ನಲ್ಲಿ ಯುದ್ಧಾಪರಾಧ ವಿಚಾರಣೆಯಲ್ಲಿ ಅದನ್ನು ಮುಂದಿಟ್ಟಾಗ ನೆನಪೇ ಇಲ್ಲ ಅಂದ. 1949ರಲ್ಲಿ ಹ್ಯಾಂಬರ್ಗ್‌ನಲ್ಲಿ ಬ್ರಿಟಿಷ್ ನ್ಯಾಯಾಲಯ 18 ವರ್ಷ ಶಿಕ್ಷೆ ಕೊಟ್ಟಿತು. 1953ರಲ್ಲಿ ಹೊರಗೆ ಬಂದ, 1955ರಲ್ಲಿ ಪುಸ್ತಕ ಬಂತು, 1958ರಲ್ಲಿ ಇಂಗ್ಲಿಷಿನಲ್ಲಿ ಬಂತು. ಇಂಗ್ಲಿಷಿನದು ಮೂಲಕ್ಕಿಂತ ಚಿಕ್ಕದು, ಅಲ್ಲಲ್ಲಿ ಕತ್ತರಿಸಿದ್ದಾರೆ. ಆದರೆ ಆ ಆಜ್ಞೆ ಕತ್ತರಿಗೆ ಸಿಕ್ಕಿಹೋದದ್ದಲ್ಲ. ಜರ್ಮನ್ ಪುಸ್ತಕದಲ್ಲೂ ಇಲ್ಲ. ನಾನು ಹುಡುಕಿದ್ದೇನೆ. ಮಗ ಯುದ್ಧದಲ್ಲಿ ಸತ್ತ ದುಃಖ ಇದೆ, ಓದಿದರೆ ಕಣ್ಣು ತುಂಬುತ್ತದೆ. ಕ್ರಿಮಿಯಾದ ಕಾಳಗ ದಿನದಿನದ ಲೆಕ್ಕದಲ್ಲಿ ಇದೆ. ಅದೇ ಕ್ರಿಮಿಯಾದ ಯಹೂದಿಗಳು ಇಲ್ಲ.

ಅದಕ್ಕೇ ಮೊದಲ ಪ್ರಶ್ನೆಗೆ ನನ್ನ ಉತ್ತರ, ಅನುವಾದಕನನ್ನು ಬೈಯುವ ಮುಂಚೆ ಮೂಲದಲ್ಲೇ ಏನು ಬಿಟ್ಟಿದ್ದಾರೆ ನೋಡಿ.

ಅವೆನ್ಯೂ ರೋಡ್ ಅಲೆಮಾರಿ

ಇಷ್ಟೆಲ್ಲ ಗೊತ್ತಿದ್ದೂ ಇಂಗ್ಲಿಷ್ ಪ್ರಕಾಶಕರು, ಸೇನೆಯವರು ಇವರನ್ನು ಯಾಕೆ ತಲೆ ಮೇಲೆ ಹೊತ್ತುಕೊಂಡರು?

ಪುಟ ತಿರುವಿದವ

ಬೇಕಾಗಿತ್ತು, ಹೊತ್ತುಕೊಂಡರು. ಯುದ್ಧ ಮುಗಿದು ವರ್ಷ ಕಳೆಯುವುದರೊಳಗೆ ಅಮೆರಿಕಕ್ಕೆ ಹೊಸ ಶತ್ರು ಸೋವಿಯೆತ್. ಸೋವಿಯೆತ್ ಜೊತೆ ಹೊಡೆದಾಡಿದ ಅನುಭವ ಯಾರಿಗಿದೆ? ಸೆರೆಯಲ್ಲಿದ್ದ ಈ ಜರ್ಮನ್ನರಿಗೆ. ಅಮೆರಿಕ ಸೇನೆಯ ಇತಿಹಾಸ ವಿಭಾಗ ನೂರಾರು ಜರ್ಮನ್ ಅಧಿಕಾರಿಗಳನ್ನು ಕೂರಿಸಿ ವರದಿ ಬರೆಸಿತು. ಎರಡು ಸಾವಿರಕ್ಕೂ ಮೀರಿದ ಹಸ್ತಪ್ರತಿಗಳು. ಉಸ್ತುವಾರಿ ಯಾರಿಗೆ? ಹಿಟ್ಲರನ ಸೇನಾ ಮುಖ್ಯಸ್ಥನಾಗಿದ್ದ ಫ್ರಾಂಟ್ಸ್ ಹಾಲ್ಡರ್‌ಗೆ. ಯಾರು ಏನು ಬರೆಯಬೇಕು, ಯಾವುದನ್ನು ಬರೆಯಬಾರದು ಅನ್ನುವುದಕ್ಕೆ ಒಬ್ಬನೇ ಹೆಡ್‌ಮಾಸ್ತರ. 1961ರಲ್ಲಿ ಅಮೆರಿಕ ಸರ್ಕಾರ ಅವನಿಗೆ ಪದಕವನ್ನೂ ಕೊಟ್ಟಿತು. ಸೋವಿಯೆತ್ ದಾಖಲೆಗಳು 1990ರವರೆಗೆ ಹೆಚ್ಚು ಕಡಿಮೆ ಬೀಗ ಹಾಕಿಕೊಂಡೇ ಇದ್ದವು. ಎದುರು ಸಾಕ್ಷಿ ಇಲ್ಲದ ಕೋರ್ಟಿನಲ್ಲಿ ಒಂದೇ ಕಡೆಯ ವಕೀಲ ವಾದ ಮಾಡಿದ ಹಾಗೆ.

ಈಗ ಇಸವಿಗಳನ್ನು ಸುಮ್ನೆ ಜೋಡಿಸಿ ನೋಡಿ. ಗುಡೇರಿಯನ್ ಇಂಗ್ಲಿಷಿಗೆ ಬರಲು ಹಿಡಿದದ್ದು ಒಂದು ವರ್ಷ. ಕರೆಲ್‌ಗೂ ಒಂದು ವರ್ಷ, 1963ರಿಂದ 1964. ಮಾನ್‌ಸ್ಟೈನ್‌ಗೆ ಮೂರು. ಈಗ ಇತಿಹಾಸಕಾರರು. ಸೋವಿಯೆತ್ ಮೇಲಿನ ದಾಳಿಯ ಬಗ್ಗೆ ಜರ್ಮನ್ ಸೇನೆಯ ಸ್ವಂತ ಇತಿಹಾಸ ಸಂಸ್ಥೆಯೇ ಹೊರತಂದ ನಾಲ್ಕನೇ ಸಂಪುಟ ಜರ್ಮನಿನಲ್ಲಿ ಬಂದದ್ದು 1983ರಲ್ಲಿ. ಇಂಗ್ಲಿಷಿಗೆ 1998. ಹದಿನೈದು ವರ್ಷ! ಕಾರ್ಲ್-ಹೈಂಟ್ಸ್ ಫ್ರೀಸರ್ ಅವರ 'ಬ್ಲಿಟ್ಸ್‌ಕ್ರೀಗ್ ಲೆಜೆಂಡ್', ಅಂದರೆ ಮಿಂಚಿನ ಯುದ್ಧದ ಕಟ್ಟುಕಥೆ, 1995ರದ್ದು, ಇಂಗ್ಲಿಷಿಗೆ 2005. ಸಮರ್ಥನೆ ರಾಜಧಾನಿ ಎಕ್ಸ್‌ಪ್ರೆಸ್‌ನಲ್ಲಿ ಬಂತು, ಸಂಶೋಧನೆ ಎತ್ತಿನ ಗಾಡಿಯಲ್ಲಿ. ಗಾಡಿ ಬರುವಷ್ಟರಲ್ಲಿ ಮೂರು ತಲೆಮಾರಿನ ಓದುಗರ ತಲೆಯಲ್ಲಿ ಚಿತ್ರ ಗಟ್ಟಿಯಾಗಿತ್ತು. ಅನುವಾದದ ದೊಡ್ಡ ದೋಷ ಅಂತ ನಾನು ಕರೆಯುವುದು ಇದನ್ನು. ಪುಟದೊಳಗಿನ ಪದ ಆಮೇಲಿನ ಮಾತು, ಯಾವ ಪುಸ್ತಕ ದಾಟಿತು ಅನ್ನುವುದು ಮೊದಲು.

ಇನ್ನೊಂದು ತಮಾಷೆ. ಎಸ್‌ಎಸ್‌ನ ಕುರ್ಟ್ ಮೇಯರ್. ಕೆನಡಾದ ಸೆರೆಯಾಳುಗಳ ಕೊಲೆಗೆ ಮರಣದಂಡನೆ ಆಗಿ, ಅದು ಜೀವಾವಧಿಗೆ ಇಳಿದು, ಕೆನಡಾದ ಜೈಲಿನಲ್ಲೇ ಕೂತಿದ್ದವನು. ಅವನ 'ಗ್ರೆನೇಡಿಯರ್ಸ್' ಇಂಗ್ಲಿಷಿನಲ್ಲಿ 1994ರಲ್ಲಿ ಅಚ್ಚಾದದ್ದು ಎಲ್ಲಿ ಗೊತ್ತಾ? ಕೆನಡಾದ ವಿನ್ನಿಪೆಗ್‌ನಲ್ಲಿ.

ಟೈಗರ್ ಟ್ಯಾಂಕ್

ಸರಿ ಸರಿ, ಸೋತೆ. ಆದರೆ ಫ್ರೀಸರ್ ಏನು ಹೊಸದು ಹೇಳಿದ್ದಾರೆ? ಮಿಂಚಿನ ಯುದ್ಧ ಅಂದರೆ ಮಿಂಚಿನ ಯುದ್ಧ, ಫ್ರಾನ್ಸ್ ಆರು ವಾರದಲ್ಲಿ ಬಿತ್ತು.

ಬೆಳಗಾವಿ ಫೌಜಿ

ತಮ್ಮಾ, ಆ ಪುಸ್ತಕ ಓದು. ನನ್ನ ಕಣ್ಣು ತೆರೆಸಿದ್ದು ಅದು. 'ಬ್ಲಿಟ್ಸ್‌ಕ್ರೀಗ್' ಅನ್ನುವ ಸಿದ್ಧ ಯೋಜನೆಯೇ 1940ರಲ್ಲಿ ಇರಲಿಲ್ಲ ಅಂತ ಫ್ರೀಸರ್ ತೋರಿಸುತ್ತಾರೆ. ಬರೆದವರೂ ಜರ್ಮನ್ ಸೇನೆಯ ಅಧಿಕಾರಿಯೇ. ಜರ್ಮನ್ ಸೇನೆಯಲ್ಲಿ ಟ್ಯಾಂಕ್ ಡಿವಿಜನ್ ಬರೀ ಹತ್ತು. ಉಳಿದವರು ನಡೆದುಕೊಂಡು, ಸಾಮಾನು ಕುದುರೆ ಗಾಡಿಯಲ್ಲಿ. ಟ್ಯಾಂಕ್ ಸಂಖ್ಯೆಯಲ್ಲಿ ಎದುರಾಳಿಗಳೇ ಮುಂದಿದ್ದರು. ದೀರ್ಘ ಯುದ್ಧಕ್ಕೆ ತಯಾರಾಗುತ್ತಿದ್ದ ಸೇನೆಗೆ ಸೆಡಾನ್‌ನಲ್ಲಿ ಬಾಗಿಲು ತೆರೆಯಿತು, ಗುಡೇರಿಯನ್ ಥರದವರು ಮೇಲಿನವರ ಮಾತು ಮೀರಿ ನುಗ್ಗಿದರು. ಗೆದ್ದ ಮೇಲೆ ಅದಕ್ಕೆ ಸಿದ್ಧಾಂತದ ಅಂಗಿ ತೊಡಿಸಿದರು.

ಡನ್‌ಕರ್ಕ್ ಮುಂದೆ ಟ್ಯಾಂಕ್ ನಿಲ್ಲಿಸಿ, ಬ್ರಿಟಿಷ್ ಸೇನೆ ಸಮುದ್ರ ದಾಟಿ ತಪ್ಪಿಸಿಕೊಳ್ಳಲು ಬಿಟ್ಟ ಕಥೆಯನ್ನೂ ನೋಡು. ನೆನಪಿನ ಪುಸ್ತಕಗಳಲ್ಲಿ ಎಲ್ಲ ಹಿಟ್ಲರನ ತಲೆಗೆ. ಫ್ರೀಸರ್ ದಾಖಲೆ ತೆಗೆದು ತೋರಿಸುತ್ತಾರೆ. ನಿಲ್ಲಿ ಅಂತ ಮೊದಲು ಅಂದದ್ದು ಅಲ್ಲಿನ ಜರ್ಮನ್ ಸೇನಾಪತಿ ರುಂಡ್‌ಸ್ಟೆಟ್ ಕಡೆಯವರು. ಮೇ 24ಕ್ಕೆ ಹಿಟ್ಲರ್ ಅಲ್ಲಿಗೆ ಹೋಗಿ ಅದಕ್ಕೆ ಮುದ್ರೆ ಒತ್ತಿದ. ಸೇನಾ ಮುಖ್ಯಸ್ಥರಿಗೆ ತಾನೇ ಯಜಮಾನ ಅಂತ ತೋರಿಸುವ ಹಠವೂ ಇತ್ತು. ಸತ್ತ ಹಿಟ್ಲರ್ ಎಲ್ಲರಿಗೂ ಅನುಕೂಲದ ಮನುಷ್ಯ. ಎದ್ದು ಬಂದು ಅಲ್ಲ ಅನ್ನುವುದಿಲ್ಲ.

ಒಣ ಪ್ರೊಫೆಸರ್ ಅಂದೆಯಲ್ಲ, ಇದು ಒಣ ಅಲ್ಲವೇ ಅಲ್ಲ. ನಕಾಶೆಗಳನ್ನು ನೋಡಲಿಕ್ಕಾದರೂ ತಗೋ.

ಸ್ಟುಟ್‌ಗಾರ್ಟ್ ಕನ್ನಡತಿ

ನನ್ನದೂ ಒಂದು ಸೇರಿಸಿ. ಸೊಂಕೆ ನೈಟ್ಸೆಲ್ ಅವರ 'ಟ್ಯಾಪಿಂಗ್ ಹಿಟ್ಲರ್ಸ್ ಜನರಲ್ಸ್'. ಜರ್ಮನಿನಲ್ಲಿ 2005, ಇಂಗ್ಲಿಷಿಗೆ 2007. ಅಂತೂ ಎತ್ತಿನ ಗಾಡಿಗೆ ಎಂಜಿನ್ ಬಂತು! ಲಂಡನ್ ಪಕ್ಕದ ಟ್ರೆಂಟ್ ಪಾರ್ಕ್ ಬಂಗಲೆಯಲ್ಲಿ ಸೆರೆಸಿಕ್ಕ ಜನರಲ್‌ಗಳನ್ನು ಆರಾಮಾಗಿ ಇಟ್ಟು, ಗೋಡೆಯಲ್ಲಿ ಮೈಕ್ ಅಡಗಿಸಿ, ಅವರ ಹರಟೆಯನ್ನು ಬ್ರಿಟಿಷರು ಬರೆದುಕೊಂಡರು. ಸಾಮೂಹಿಕ ಕೊಲೆಗಳ ಬಗ್ಗೆ ಅವರು ಅಲ್ಲಿ ಆಡಿದ ಮಾತು, ಆಮೇಲೆ 'ನಮಗೇನೂ ಗೊತ್ತೇ ಇರಲಿಲ್ಲ' ಅಂತ ಆ ವರ್ಗದವರು ಬರೆದ ಮಾತು, ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ.

ಅಲೆಮಾರಿ ಅವರೇ, ನಿನ್ನೆ ನನ್ನ ಗುಡೇರಿಯನ್ ಜರ್ಮನ್ ಪ್ರತಿಯನ್ನು ಅಟ್ಟದಿಂದ ಇಳಿಸಿದೆ. ನಿಮ್ಮ ಪೆನ್ಸಿಲ್ ಗೆರೆಯ ಜಾಗದಲ್ಲಿ ಏನೂ ಇಲ್ಲ. ಮುಂಚಿನ ವಾಕ್ಯ ಮುಗಿಯುತ್ತದೆ, ಮುಂದಿನದು ಶುರುವಾಗುತ್ತದೆ. ಗಾಯದ ಗುರುತೂ ಇಲ್ಲ.

ಅವೆನ್ಯೂ ರೋಡ್ ಅಲೆಮಾರಿ

ಥ್ಯಾಂಕ್ಸ್ ಅಕ್ಕ. 'ವೆರಿ ಇಂಪಾರ್ಟೆಂಟ್' ಪಕ್ಕದಲ್ಲಿ ನಾನೂ ಪೆನ್ಸಿಲ್ಲಿನಲ್ಲಿ ಎರಡು ಸಾಲು ಬರೆದಿದ್ದೇನೆ. ಈ ಪ್ರತಿ ಮತ್ತೆ ಅವೆನ್ಯೂ ರೋಡಿಗೆ ಹೋದರೆ ಮುಂದಿನವನಿಗೆ ಸಿಗಲಿ.

ಗುಡೇರಿಯನ್ ಮುಗಿಸುತ್ತೇನೆ, ಬಿಡುವುದಿಲ್ಲ. ಮಾನ್‌ಸ್ಟೈನ್ ಕೂಡ ತಗೊಳ್ಳುತ್ತೇನೆ. ಆದರೆ ಇನ್ನು ಪ್ರತಿ ವಾಕ್ಯದ ಕೊನೆಗೆ ಮನಸ್ಸಿನಲ್ಲೇ 'ಅಂತೆ' ಸೇರಿಸಿಕೊಂಡು ಓದುವುದು. ಇವತ್ತು ಬೆಳಿಗ್ಗೆ ಹತ್ತು ಪುಟ ಹಾಗೇ ಓದಿದೆ. ಬೇರೆಯದೇ ಪುಸ್ತಕ!

ಟೈಗರ್ ಟ್ಯಾಂಕ್

ಫ್ರೀಸರ್ ಪುಸ್ತಕದ ಬೆಲೆ ಈಗ ನೋಡಿದೆ. ಆ ನಾಲ್ಕನೇ ಸಂಪುಟದ್ದೂ ನೋಡಿದೆ, ಬೈಕಿನ ಇಎಂಐ ನೆನಪಾಯಿತು. ಫೌಜಿ ಸರ್, ನಿಮ್ಮ ಪ್ರತಿ ಒಂದು ತಿಂಗಳಿಗೆ ಕೊಡ್ತೀರಾ? ಬೆಳಗಾವಿಗೆ ನಾನೇ ಬರುತ್ತೇನೆ. ಹಾಳೆ ಮಡಿಚಲ್ಲ, ಪೆನ್ಸಿಲ್ ಮುಟ್ಟಲ್ಲ.

ಬೆಳಗಾವಿ ಫೌಜಿ

ಬಾ. ಒಂದು ತಿಂಗಳು ಅಂದರೆ ಮೂವತ್ತು ದಿನ, ನೆನಪಿರಲಿ. ಬರುವಾಗ ನಿನ್ನ ಕರೆಲ್ ತಗೊಂಡು ಬಾ, ನಾನೂ ಇನ್ನೊಂದು ಸಲ ಓದಿ ನೋಡುತ್ತೇನೆ.